ಶನಿವಾರದ ಕೀಬೋರ್ಡ್, ಭಾನುವಾರದ ಕೀಬೋರ್ಡ್: ಉಡುಪಿಯ ಒಂದು ಮನೆಯ ಪ್ರಕರಣ

ಉಡುಪಿ ಹತ್ತಿರದ ಒಂದು ಕ್ರೈಸ್ತ ಮನೆಯಲ್ಲಿ ಸಂಗೀತದ ವಿಷಯಕ್ಕೆ ಅಪ್ಪ-ಮಗಳ ನಡುವೆ ಮಾತು ನಿಂತುಹೋಯಿತು. ಜಗಳ ಆಗಲಿಲ್ಲ. ಆಗಿದ್ದರೆ ಬೇಗ ಮುಗಿಯುತ್ತಿತ್ತೋ ಏನೋ. ಒಬ್ಬರ ಎದುರು ಇನ್ನೊಬ್ಬರು ಹಾಡುವುದನ್ನು, ನುಡಿಸುವುದನ್ನು ಬಿಟ್ಟರು. ನಾನು ಅವರ ಚರ್ಚಿನ ಸಭೆಯಲ್ಲಿ ಸಂಡೇ ಸ್ಕೂಲ್ ಟೀಚರ್, ಕ್ವಾಯರನ್ನೂ ನೋಡಿಕೊಳ್ಳುತ್ತೇನೆ. ಹಾಗಾಗಿ ವಿಷಯ ನನ್ನವರೆಗೆ ಬಂತು. ಮನೆಯವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬರೆಯುವುದಕ್ಕೆ ಕಾರಣ ಇದೆ. ಕ್ರೈಸ್ತರು ಯಾವ ಹಾಡು ಕೇಳಬಹುದು, ಯಾವುದು ಕೇಳಬಾರದು ಎಂದು ನಮ್ಮ ಕಡೆಯ ಹುಡುಗ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಅವರಿಗೆ ಸಿಗುವ ಉತ್ತರ ಹೆಚ್ಚಾಗಿ ಎರಡೇ. "ಲೋಕದ ಹಾಡು ಎಲ್ಲಾ ಬಿಡು" ಎಂದು ಚರ್ಚಿನದ್ದಲ್ಲದ ಹಾಡನ್ನೆಲ್ಲ ತಳ್ಳುವವರು ಒಂದು ಕಡೆ. "ಹಾಡು ಅಂದ್ರೆ ಹಾಡು, ಸುಮ್ನೆ ತಲೆ ಕೆಡಿಸಿಕೊಳ್ಳಬೇಡ" ಎನ್ನುವವರು ಇನ್ನೊಂದು ಕಡೆ. ಈ ಮನೆಯಲ್ಲಿ ಎರಡೂ ಉತ್ತರ ಕೆಲಸಕ್ಕೆ ಬರಲಿಲ್ಲ.

ಮನೆಯೊಳಗಿನ ಸಂಗೀತ

ಅಪ್ಪನಿಗೆ ಹಗಲಿಗೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲಸ. ರಾತ್ರಿ, ಅದರಲ್ಲೂ ಶನಿವಾರ, ಒಂದು ರಸಮಂಜರಿ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಾರೆ. ದೀಪಾವಳಿ ಕಳೆದರೆ ಮೇ ಕೊನೆಯ ಪತ್ತನಾಜೆಯವರೆಗೆ ಬಿಡುವಿಲ್ಲ. ಶಾಲೆಗಳ ವಾರ್ಷಿಕೋತ್ಸವ, ಮೆಹಂದಿ, ಜಾತ್ರೆ, ಯುವಕ ಮಂಡಲದ ಕಾರ್ಯಕ್ರಮ. ಮಳೆಗಾಲದಲ್ಲಿ ಆ ಸಂಪಾದನೆ ಇಲ್ಲ. ಮಗಳ ಕಾಲೇಜು ಫೀಸಿನ ಒಂದು ಪಾಲು ಬಂದದ್ದು ಆ ಕೀಬೋರ್ಡಿನಿಂದಲೇ. ಭಾನುವಾರ ಬೆಳಿಗ್ಗೆ, ನಿದ್ದೆ ಪೂರ್ತಿ ಆಗದಿದ್ದರೂ, ಅದೇ ಕೀಬೋರ್ಡನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಚರ್ಚಿಗೆ ಬರುತ್ತಾರೆ.

ಅಜ್ಜಿಯದು ಬೇರೆ ಲೋಕ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆಯ ಪರಂಪರೆಯ ಕುಟುಂಬ ಅದು. ಜರ್ಮನ್ ರಾಗಗಳಿಗೆ ಕನ್ನಡ, ತುಳು ಮಾತು ಹೊಂದಿಸಿದ ಹಳೆಯ ಗೀತೆಗಳನ್ನು ಪುಸ್ತಕ ತೆರೆಯದೆ ಹಾಡುತ್ತಾರೆ. ಅಮ್ಮ ಮಣಿಪಾಲದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಬಸ್ಸಿನಲ್ಲಿ ಕೇಳುವ ಹಳೆಯ ಸಿನಿಮಾ ಹಾಡೇ ಸಂಗೀತ.

ಮಗಳಿಗೆ 19 ವರ್ಷ. ಪ್ರೈಮರಿಯಿಂದ ಪಿಯುಸಿವರೆಗೆ ಹತ್ತಿರದ ಮೇಡಂ ಒಬ್ಬರ ಹತ್ತಿರ ಕರ್ನಾಟಕ ಸಂಗೀತ ಕಲಿತಿದ್ದಾಳೆ. ಜೂನಿಯರ್ ಪರೀಕ್ಷೆ ಪಾಸಾಗಿದೆ. ಒಳ್ಳೆಯ ಕಂಠ. ತಮ್ಮ ಒಂಬತ್ತನೇ ಕ್ಲಾಸು, ಕಿವಿಯಿಂದ ಹೆಡ್‌ಫೋನ್ ಇಳಿಯುವುದಿಲ್ಲ.

ಶಿಬಿರದ ನಂತರ

ಬೇಸಿಗೆ ರಜೆಯಲ್ಲಿ ಮಗಳು ಗೆಳತಿಯ ಜೊತೆ ಒಂದು ಯುವಜನ ಶಿಬಿರಕ್ಕೆ ಹೋದಳು. ನಮ್ಮ ಸಭೆ ನಡೆಸಿದ್ದಲ್ಲ. ಕೊನೆಯ ದಿನ ಉಪದೇಶಕರು ಎಲ್ಲರ ಕೈಯಲ್ಲೂ ಮೊಬೈಲ್ ತೆಗೆಸಿ, ಲೋಕದ ಹಾಡನ್ನೆಲ್ಲ ಈಗಲೇ ಅಳಿಸಿ ಎಂದರಂತೆ. ಇವಳು ಅಳುತ್ತಲೇ ಅಳಿಸಿದಳು. ಆ ಅಳುವನ್ನು ನಾನು ಹಗುರವಾಗಿ ನೋಡುವುದಿಲ್ಲ. ದೇವರಿಗಾಗಿ ತನಗೆ ಇಷ್ಟವಾದದ್ದನ್ನು ಬಿಡಲು ಒಂದು ಹುಡುಗಿ ಮನಸ್ಸು ಮಾಡಿದಳಲ್ಲ, ಅದು ದೊಡ್ಡದು.

ಮನೆಗೆ ಬಂದವಳು ಶ್ರುತಿ ಪೆಟ್ಟಿಗೆ, ಸಂಗೀತದ ನೋಟುಬುಕ್ಕು, ಜೂನಿಯರ್ ಸರ್ಟಿಫಿಕೇಟು ಎಲ್ಲ ಒಂದು ಚೀಲಕ್ಕೆ ತುಂಬಿಸಿ ಅಟ್ಟಕ್ಕೆ ಹಾಕಿದಳು. ಕೆಲವು ದಿನ ಬಿಟ್ಟು ಅಪ್ಪನ ಹತ್ತಿರ ಕೇಳಿದಳು: "ಪಪ್ಪ, ಶನಿವಾರ ಗಣಪತಿ ಸ್ತುತಿಗೆ ನುಡಿಸಿದ ಕೈಯಲ್ಲೇ ಭಾನುವಾರ ಯೇಸುವಿನ ಆರಾಧನೆಗೂ ನುಡಿಸ್ತೀರಲ್ಲ, ನಿಮಗೆ ಏನೂ ಅನಿಸುವುದಿಲ್ವಾ?"

ರಸಮಂಜರಿಯ ಪರಿಚಯ ಇದ್ದವರಿಗೆ ಗೊತ್ತು, ನಮ್ಮ ಕಡೆ ಮೊದಲ ಹಾಡು ಗಣಪತಿ ಸ್ತುತಿಯೇ. ಅದಾದ ಮೇಲೆ ಸಿನಿಮಾ ಹಾಡು. ಅಪ್ಪ ಉತ್ತರ ಕೊಡಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೀಬೋರ್ಡ್ ತಂದಿರಲಿಲ್ಲ. ಆರಾಧನೆ ಮುಗಿದ ಮೇಲೆ ನಾನು ಕೇಳಿದರೆ, "ಬೇಡ ಟೀಚರ್. ಪಪ್ಪನ ಕೈ ಶುದ್ಧ ಇಲ್ಲ ಅಂತ ಮಗಳೇ ಹೇಳಿದ ಮೇಲೆ ಅಲ್ಲಿ ಹೋಗಿ ಎಂತ ಕೂತ್ಕೊಳ್ಳುದು?" ಎಂದರು. ಮಗಳು ಆ ಶಬ್ದ ಹೇಳಿರಲಿಲ್ಲ. ಅವರಿಗೆ ಕೇಳಿಸಿದ್ದು ಮಾತ್ರ ಅದೇ.

ಹಾಗೆ ಕೆಲವು ವಾರ ನಾವು ವಾದ್ಯ ಇಲ್ಲದೆ ಹಾಡಿದೆವು. ಅಜ್ಜಿಯೇ ಶ್ರುತಿ ಹಿಡಿಯುತ್ತಿದ್ದರು. ಕಡೆಗೆ ಅಮ್ಮ ನನ್ನ ಮನೆಗೆ ಬಂದು, "ಅಕ್ಕ, ನೀವೊಮ್ಮೆ ಇಬ್ಬರ ಹತ್ರವೂ ಮಾತಾಡಿ" ಎಂದು ಕೇಳಿಕೊಂಡರು.

ಲೋಕದ ಹಾಡು ಎಂದರೆ ಯಾವುದು?

ಮಗಳ ಜೊತೆ ಮೊದಲು ಕೂತೆ. ಅವಳದ್ದು ತುಂಬಾ ನೇರವಾದ ವಾದ. ಚರ್ಚಿನ ಹಾಡು ದೇವರದು, ಉಳಿದದ್ದು ಸೈತಾನನದು. ನಾವಿಬ್ಬರೂ ಸತ್ಯವೇದ ತೆರೆದು ನೋಡಿದೆವು. ಆದಿಕಾಂಡದ ನಾಲ್ಕನೇ ಅಧ್ಯಾಯದಲ್ಲಿ ಕಿನ್ನರಿ, ಕೊಳಲು ನುಡಿಸುವವರ ಮೂಲಪುರುಷ ಯೂಬಾಲ ಎಂದಿದೆ. ಅವನು ತಮ್ಮನನ್ನು ಕೊಂದ ಕಾಯಿನನ ವಂಶದವನು. ಅದೇ ಕಿನ್ನರಿ ಮುಂದೆ ದಾವೀದನ ಕೈಗೆ ಬರುತ್ತದೆ, ಕೀರ್ತನೆಗಳ ಜೊತೆ ದೇವಾಲಯದೊಳಗೆ ಹೋಗುತ್ತದೆ. ದಾನಿಯೇಲನ ಪುಸ್ತಕದಲ್ಲಿ ಮತ್ತೆ ಕಿನ್ನರಿ ಬರುತ್ತದೆ. ಅಲ್ಲಿ ಅರಸ ನೆಬೂಕದ್ನೆಚ್ಚರನ ಪ್ರತಿಮೆಗೆ ಅಡ್ಡಬೀಳಲು ಅದು ಸೂಚನೆ. ವಾದ್ಯ ಎಲ್ಲಿ ಹುಟ್ಟಿತು, ಮೊದಲು ಯಾರು ನುಡಿಸಿದರು ಎನ್ನುವುದರಿಂದ ಹಾಡಿನ ಗುಣ ಗೊತ್ತಾಗುವುದಿಲ್ಲ.

ರಾಗದ ವಿಷಯವೂ ಹಾಗೇ. ಮುಳ್ಳಿನ ಕಿರೀಟ ಹೊತ್ತ ತಲೆಯನ್ನು ಕುರಿತ ಒಂದು ಗೀತೆಯನ್ನು ಶುಭ ಶುಕ್ರವಾರದಂದು ಲೋಕದ ಎಷ್ಟೋ ಸಭೆಗಳಲ್ಲಿ ಹಾಡುತ್ತಾರೆ. ಜರ್ಮನ್ ಸಂಗೀತಗಾರ ಬಾಖ್, ಯೇಸುವಿನ ಶ್ರಮೆ-ಮರಣದ ಕಥೆ ಹಾಡುವ ತನ್ನ 'ಮತ್ತಾಯನ ಪ್ಯಾಷನ್' ಕೃತಿಯಲ್ಲಿ ಅದೇ ರಾಗವನ್ನು ಮತ್ತೆ ಮತ್ತೆ ತಂದಿದ್ದಾನೆ. ಆ ರಾಗ ಮೂಲದಲ್ಲಿ ಹ್ಯಾನ್ಸ್ ಲಿಯೋ ಹ್ಯಾಸ್ಲರ್ ಎಂಬ ಜರ್ಮನ್ ಸಂಗೀತಗಾರ 1601ರಲ್ಲಿ ಪ್ರಕಟಿಸಿದ ಪ್ರೇಮಗೀತೆಯದು. ಹುಡುಗಿಯೊಬ್ಬಳಿಗಾಗಿ ಮನಸ್ಸು ಕಲಕಿಹೋದವನ ಹಾಡು! ಇದನ್ನು ಹೇಳಿದಾಗ ಅವಳು ನಂಬಲಿಲ್ಲ. ಅವಳೇ ಹುಡುಕಿ ನೋಡಿ, ಮರುದಿನ ಫೋನ್ ಮಾಡಿದಳು.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕಿತ್ತು. ಆರಾಧನೆಯಲ್ಲಿ ಏನು ನುಡಿಸಬೇಕು ಎನ್ನುವುದೇ ಬೇರೆ ಪ್ರಶ್ನೆ, ಮನೆಯಲ್ಲಿ ಏನು ಕೇಳಬೇಕು ಎನ್ನುವುದೇ ಬೇರೆ. 16ನೇ ಶತಮಾನದಲ್ಲಿ ಜ್ಯೂರಿಕ್‌ನಲ್ಲಿ ಸ್ವಿಂಗ್ಲಿ ಎಂಬ ಪ್ರೊಟೆಸ್ಟೆಂಟ್ ಸುಧಾರಕ ಆರಾಧನೆಯಿಂದ ಸಂಗೀತವನ್ನೇ ತೆಗೆದುಹಾಕಿದ. ಆದರೆ ಅವನಿಗೆ ಹಲವು ವಾದ್ಯ ಬರುತ್ತಿತ್ತು, ಮನೆಯಲ್ಲಿ ನುಡಿಸುತ್ತಲೇ ಇದ್ದ. 1903ರಲ್ಲಿ ಪೋಪ್ ಹತ್ತನೇ ಪಯಸ್ ಇಗರ್ಜಿಯೊಳಗೆ ಪಿಯಾನೊ, ಡ್ರಮ್ ಬೇಡ ಎಂದರು. ಅದು ಪೂಜೆಯ ನಿಯಮ, ಯಾರ ಮನೆಯ ಪಿಯಾನೊವನ್ನೂ ಅವರು ಮುಟ್ಟಲಿಲ್ಲ. ಶಿಬಿರದಲ್ಲಿ ಈ ಎರಡನ್ನೂ ಒಂದೇ ಮಾಡಿ ಹೇಳಿದ್ದರಿಂದ, ಮನೆಯಲ್ಲಿ ಕೇಳುವ ಹಾಡೆಲ್ಲ ಆರಾಧನೆಯ ಹಾಡೇ ಆಗಿರಬೇಕು ಎಂದು ಅವಳ ತಲೆಗೆ ಹೋಗಿತ್ತು.

ರಾಗ ತೆಗೆದು ಓದಿದಾಗ

ಹಾಗಾದರೆ ಎಲ್ಲಾ ಕೇಳಬಹುದಾ? ಇಲ್ಲಿ ನಾನು "ಸುಮ್ನೆ ಹಾಡು" ಎನ್ನುವವರ ಪಕ್ಷವೂ ಅಲ್ಲ. ಹಾಡಿನ ಮಾತು ನಮಗೆ ಗೊತ್ತಿಲ್ಲದೆಯೇ ಬಾಯಿಪಾಠ ಆಗುತ್ತದೆ. ಪಾಠದ ಪುಸ್ತಕದ ಒಂದು ಪುಟ ನೆನಪಿಡಲು ಒದ್ದಾಡುವ ಮಕ್ಕಳು ಇಡೀ ಹಾಡನ್ನು ತಪ್ಪಿಲ್ಲದೆ ಹೇಳುತ್ತಾರೆ ಅಲ್ವಾ?

ಒಂದು ಸಂಜೆ ಅವರ ಮನೆಯ ಜಗಲಿಯಲ್ಲಿ ಕೂತು ಒಂದು ಕೆಲಸ ಮಾಡಿದೆವು. ಅವಳು ಅಳಿಸಿದ್ದ ಹಾಡುಗಳ ಪಟ್ಟಿ ತಮ್ಮನ ಫೋನಿನಲ್ಲಿ ಉಳಿದಿತ್ತು. ಒಂದೊಂದೇ ಹಾಡಿನ ಮಾತನ್ನು ಅವಳ ಕೈಯಲ್ಲೇ ಹಾಳೆಗೆ ಬರೆಸಿದೆ. ಆಮೇಲೆ ರಾಗ ಇಲ್ಲದೆ, ಪತ್ರ ಓದಿದ ಹಾಗೆ, ಗಟ್ಟಿಯಾಗಿ ಓದಲು ಹೇಳಿದೆ. ಅಜ್ಜಿ ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಮೂರನೆಯ ಹಾಡಿಗೆ ಅವಳ ಸ್ವರ ಇಳಿಯಿತು. ಬೇಡ ಎಂದ ಹುಡುಗಿಯ ಹಿಂದೆ ಬಿದ್ದು, ನೀನು ಒಪ್ಪುವವರೆಗೆ ಬಿಡುವುದಿಲ್ಲ ಎನ್ನುವ ಹಾಡು ಅದು. "ಇದನ್ನಾ ನಾನು ಅಷ್ಟು ಸಲ ಹಾಡಿದ್ದು, ಆಂಟಿ?" ಎಂದಳು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಅಂಥವನೊಬ್ಬ ಅವಳ ಹಿಂದೆ ಬಿದ್ದದ್ದು ನನಗೆ ಗೊತ್ತಿತ್ತು. ಆ ಹಾಡನ್ನು ಅವಳು ಬಿಟ್ಟಳು. ಯಾರೂ ಬಿಡು ಎನ್ನಲಿಲ್ಲ.

ಮಳೆಯ ಮೇಲಿನ ಒಂದು ಸಿನಿಮಾ ಹಾಡು, ತಾಯಿಯ ಮೇಲಿನ ಒಂದು, ಗಂಡ-ಹೆಂಡತಿ ಮುದುಕರಾಗುವುದರ ಬಗ್ಗೆ ಒಂದು, ಇವನ್ನು ಓದಿದಾಗ ಅಜ್ಜಿಯ ಕೈ ಹೂವಿನ ಮೇಲೆ ನಿಂತಿತು. "ಇದು ಸಿನಿಮಾದ್ದಾ?" ಎಂದು ಕೇಳಿದರು. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ನಾಲ್ಕನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಸತ್ಯವಾದದ್ದು, ಶುದ್ಧವಾದದ್ದು, ಪ್ರೀತಿಗೆ ಯೋಗ್ಯವಾದದ್ದು ಯಾವುದೋ ಅದರ ಮೇಲೆ ಮನಸ್ಸಿಡಿ ಎನ್ನುತ್ತಾನೆ. ಚರ್ಚಿನ ಗೋಡೆಯೊಳಗೆ ಹುಟ್ಟಿದ್ದು ಮಾತ್ರ ಎಂಬ ಷರತ್ತು ಅಲ್ಲಿಲ್ಲ.

ನಂತರ ನಾನು ಅವಳ ಹೊಸ ಆರಾಧನೆ ಹಾಡುಗಳನ್ನೂ ಹಾಗೆಯೇ ಓದಿಸಿದೆ. ಇದನ್ನು ಅವಳು ನಿರೀಕ್ಷಿಸಿರಲಿಲ್ಲ. ಶಿಬಿರದಲ್ಲಿ ಕಲಿತ ಒಂದು ಹಾಡಿನಲ್ಲಿ ಮೊದಲಿಂದ ಕೊನೆಯವರೆಗೆ ನನಗೆ ಜಯ, ನನಗೆ ಆಶೀರ್ವಾದ, ನನ್ನ ಶತ್ರುಗಳು ನನ್ನ ಕಾಲ ಕೆಳಗೆ ಎಂದೇ ಇತ್ತು. ಯೇಸುವಿನ ಹೆಸರು ಬರುತ್ತದೆ, ಶಿಲುಬೆ ಬರುವುದಿಲ್ಲ. ಕ್ಷಮೆಯಂತೂ ಇಲ್ಲವೇ ಇಲ್ಲ. ಅಜ್ಜಿಯ ಹಳೆಯ ಗೀತೆಯೊಂದನ್ನು ಅದರ ಪಕ್ಕದಲ್ಲಿಟ್ಟು ಓದಿದೆವು. ನಾನು ಸಾಲಗಾರ, ನೀನು ತೀರಿಸಿದೆ ಎನ್ನುವ ಗೀತೆ ಅದು. ಅವಳು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆ ಶಿಬಿರದ ಹಾಡು ಕೂಡ ಪಟ್ಟಿಯಿಂದ ಹೋಯಿತು. ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಕ್ರೈಸ್ತ ಹಾಡು ಎಂಬ ಹೆಸರು ಹೊತ್ತದ್ದನ್ನು ನಾವು ಪರೀಕ್ಷೆ ಮಾಡದೆ ಒಳಗೆ ಬಿಟ್ಟುಕೊಳ್ಳುತ್ತೇವೆ. ದೇವರ ಬಗ್ಗೆ ತಪ್ಪು ಕಲಿಸುವ ಹಾಡು ಪ್ರೇಮಗೀತೆಗಿಂತ ಜಾಸ್ತಿ ಕೆಡುಕು ಮಾಡಬಲ್ಲದು, ಯಾಕೆಂದರೆ ಅದನ್ನು ನಾವು ಕಣ್ಣು ಮುಚ್ಚಿ ಹಾಡುತ್ತೇವೆ.

ಮಾತು ಓದಿದರೆ ಎಲ್ಲ ಮುಗಿಯಿತು ಎಂದಲ್ಲ. ಪರೀಕ್ಷೆಯ ದಿನಗಳಲ್ಲಿ ಅವಳು ರಾತ್ರಿ ಒಂದು ಗಂಟೆಯವರೆಗೆ ವಿರಹದ ಹಾಡು ಕೇಳುತ್ತಿದ್ದಳಂತೆ. ಮಾತಿನಲ್ಲಿ ಕೆಟ್ಟದ್ದೇನಿಲ್ಲ. ಆದರೆ ಬೆಳಿಗ್ಗೆ ಏಳಲು ಮನಸ್ಸೇ ಬರುತ್ತಿರಲಿಲ್ಲ. ಅರಸ ಸೌಲನಿಗೆ ದುರಾತ್ಮ ಕಾಡಿದಾಗ ದಾವೀದ ಕಿನ್ನರಿ ನುಡಿಸಿದರೆ ನೆಮ್ಮದಿ ಆಗುತ್ತಿತ್ತು ಎಂದು ಒಂದನೇ ಸಮುವೇಲದಲ್ಲಿ ಓದುತ್ತೇವೆ. ಸಂಗೀತ ಮನಸ್ಸನ್ನು ತಿರುಗಿಸುತ್ತದೆ ಎನ್ನುವುದಕ್ಕೆ ಇಷ್ಟು ಸಾಕು. ಎರಡು ಅಧ್ಯಾಯ ಮುಂದೆ ಹೋದರೆ ಅದೇ ದಾವೀದ ನುಡಿಸುತ್ತಿರುವಾಗಲೇ ಸೌಲ ಅವನತ್ತ ಈಟಿ ಎಸೆಯುತ್ತಾನೆ. ಒಳ್ಳೆಯ ಸಂಗೀತ ಹಾಕಿಬಿಟ್ಟರೆ ಮನುಷ್ಯ ಒಳ್ಳೆಯವನಾಗುತ್ತಾನೆ ಎಂದು ನಂಬಿದವರು ಆ ಭಾಗವನ್ನೂ ಓದಬೇಕು. ಪ್ರಾಚೀನ ಕಾಲದ ಕ್ರೈಸ್ತ ಗುರು ಅಗಸ್ಟೀನನೂ ತನ್ನ ಆತ್ಮಕಥನದ ಹತ್ತನೆಯ ಭಾಗದಲ್ಲಿ ಇದೇ ತೂಗಾಟದಲ್ಲಿದ್ದಾನೆ. ಹಾಡಿದ ಮಾತಿಗಿಂತ ಹಾಡುವ ಸ್ವರವೇ ತನ್ನನ್ನು ಹೆಚ್ಚು ಅಲುಗಾಡಿಸಿದರೆ ಅದು ಪಾಪ ಎಂದು ಬರೆಯುತ್ತಾನೆ. ಆದರೂ ನಂಬಿಕೆಗೆ ಬಂದ ಹೊಸದರಲ್ಲಿ ಸಭೆಯ ಹಾಡು ಕೇಳಿ ತಾನು ಅತ್ತದ್ದು ನೆನಪಾಗಿ, ಹಾಡು ಬೇಡ ಎನ್ನಲು ಅವನಿಂದ ಆಗುವುದಿಲ್ಲ. ಇಷ್ಟು ದೊಡ್ಡವನಿಗೇ ಒಂದೇ ಸಾಲಿನ ನಿಯಮ ಸಿಗಲಿಲ್ಲ.

ವಿರಹದ ಹಾಡುಗಳನ್ನು ಅವಳು ಅಳಿಸಲಿಲ್ಲ. ರಾತ್ರಿ ಹತ್ತರ ನಂತರ ಬೇಡ ಎಂದು ತಾನೇ ಇಟ್ಟುಕೊಂಡಳು.

ದಾಸರ ಪದ ಮತ್ತು ಗಣಪತಿ ಸ್ತುತಿ

ಇಲ್ಲಿಯವರೆಗಿನದು ಸುಲಭ. ಉಡುಪಿಯಲ್ಲಿ ಬದುಕುವ ಕ್ರೈಸ್ತರಿಗೆ ನಿಜವಾದ ಕಷ್ಟ ಇರುವುದು ಬೇರೆ ಕಡೆ. ಬೆಳಿಗ್ಗೆ ಅಂಗಡಿಯಲ್ಲಿ ಸುಪ್ರಭಾತ, ಸಂಜೆ ಪಕ್ಕದ ಮನೆಯಲ್ಲಿ ಭಜನೆ, ನವರಾತ್ರಿಗೆ ತಾಸೆಯ ಪೆಟ್ಟು. ಸಂಗೀತ ಕಲಿಯಲು ಹೋದರೆ ದಾಸರ ಪದ. ಇವೆಲ್ಲ ನಮ್ಮ ಊರಿನ ಸಂಗೀತ, ನಮ್ಮ ಗೆಳೆಯರ ಭಕ್ತಿ. ಇದನ್ನು ಸೈತಾನನದು ಎಂದು ತಳ್ಳುವುದು ನನಗೆ ಒಪ್ಪಿಗೆ ಇಲ್ಲ. ಬೇರೆಯವರ ಪ್ರಾರ್ಥನೆಯನ್ನು ನನ್ನ ಬಾಯಲ್ಲಿ ಬರೀ ರಾಗವೆಂದು ಹಾಡಿದರೆ ಅವರ ಭಕ್ತಿಗೂ ನ್ಯಾಯ ಸಿಗುವುದಿಲ್ಲ ಎನ್ನುವುದೂ ಅಷ್ಟೇ ನಿಜ.

ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯಲ್ಲಿ ಹೀಗೇ ಒಂದು ಪ್ರಶ್ನೆ ಬರುತ್ತದೆ. ವಿಗ್ರಹಕ್ಕೆ ನೈವೇದ್ಯ ಮಾಡಿದ ಮಾಂಸ ಪೇಟೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು. ತಿನ್ನಬಹುದಾ? ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ತಿನ್ನಿರಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು ಎನ್ನುತ್ತಾನೆ. ಆದರೆ ಎರಡು ಕಡೆಯ ಆರಾಧನಾ ಪಂಕ್ತಿಯಲ್ಲೂ ಕೂರಲು ಆಗದು ಎನ್ನುತ್ತಾನೆ. ಜೊತೆಗಿರುವವನ ಮನಸ್ಸಾಕ್ಷಿಗೆ ಪೆಟ್ಟಾದರೆ ನನ್ನ ಸ್ವಾತಂತ್ರ್ಯವನ್ನು ಅವನಿಗಾಗಿ ಬಿಡಬೇಕು ಎಂದೂ ಹೇಳುತ್ತಾನೆ. ಪೇಟೆ ಯಾವುದು, ಪಂಕ್ತಿ ಯಾವುದು ಎಂದು ಸಂಗೀತದಲ್ಲಿ ಗುರುತಿಸುವುದೇ ನಮ್ಮ ಕೆಲಸ.

ಮಗಳನ್ನು ಕರೆದುಕೊಂಡು ಸಂಗೀತದ ಮೇಡಂ ಹತ್ತಿರ ಹೋದೆ. ಅವರು ನೊಂದುಕೊಂಡಿದ್ದರು, ಆದರೂ ಕೇಳಿಸಿಕೊಂಡರು. "ಸರಳೆ ವರಸೆ, ಜಂಟಿ ವರಸೆ, ಅಲಂಕಾರದಲ್ಲಿ ಇರುವುದು ಬರೀ ಸ್ವರ ಅಲ್ವಾ? ರಾಗ ಯಾವ ಜಾತಿಯವರನ್ನೂ ಕೇಳುವುದಿಲ್ಲ. ಸಾಹಿತ್ಯ ನಿನ್ನದೇ ಇರಲಿ" ಎಂದರು. ತಂಜಾವೂರಿನ ವೇದನಾಯಗಂ ಶಾಸ್ತ್ರಿಯಾರರು (1774-1864) ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಚಿಸಿದ್ದು ಇದೇ ದಕ್ಷಿಣದ ಸಂಗೀತದಲ್ಲಿ. ತಂಜಾವೂರಿನವರೇ ಆದ ಅಬ್ರಹಾಂ ಪಂಡಿತರ್ ಎಂಬ ಕ್ರೈಸ್ತರು ರಾಗ ಮತ್ತು ಶ್ರುತಿಗಳ ಬಗ್ಗೆ 1917ರಲ್ಲಿ ಬಹುದೊಡ್ಡ ಗ್ರಂಥ ತಂದರು. ನಮ್ಮಲ್ಲೇ ನಿಘಂಟಿನ ಕಿಟ್ಟೆಲರು 1862ರಲ್ಲಿ 'ಕಥಾಮಾಲೆ' ಎಂದು ಕ್ರಿಸ್ತನ ಚರಿತ್ರೆಯನ್ನು ಈ ನೆಲದ ಹಾಡಿನ ಧಾಟಿಯಲ್ಲಿ ಬರೆದರು. ಜರ್ಮನಿಯಿಂದ ಬಂದವರಿಗೆ ನಮ್ಮ ಧಾಟಿ ಬೇಕಾಗಿತ್ತು. ಇಲ್ಲೇ ಹುಟ್ಟಿದ ಹುಡುಗಿ ಅದನ್ನು ಅಟ್ಟಕ್ಕೆ ಹಾಕಿದ್ದಳು!

ಅವಳು ಈಗ ಕ್ಲಾಸಿಗೆ ಹೋಗುತ್ತಿದ್ದಾಳೆ. ಸತ್ಯವೇದದಲ್ಲಿ ಆಳದೊಳಗಿಂದ ಮೊರೆಯಿಡುವ 130ನೇ ಕೀರ್ತನೆಗೆ ಶುಭಪಂತುವರಾಳಿಯಲ್ಲಿ ರಾಗ ಹಾಕುತ್ತಿದ್ದಾಳೆ. ದಾಸರ ಪದಗಳಲ್ಲಿ ಅವಳು ಆರಿಸಿಕೊಳ್ಳುತ್ತಾಳೆ. ಕುಲದ ಹೆಸರಲ್ಲಿ ಹೊಡೆದಾಡಬೇಡಿ ಎನ್ನುವ ಕನಕದಾಸರ ಪದವನ್ನು ತುಂಬು ಮನಸ್ಸಿನಿಂದ ಹಾಡುತ್ತಾಳೆ. ಕನಕನ ಕಿಂಡಿಯ ಊರಿನಲ್ಲಿ ಅದು ಯಾರಿಗೆ ಬೇಡ? ದೇವರ ಸ್ತುತಿಯ ಪದಗಳನ್ನು ಕಲಿಯುತ್ತಾಳೆ, ಕೇಳುತ್ತಾಳೆ, ವೇದಿಕೆಯಲ್ಲಿ ಹಾಡುವುದಿಲ್ಲ. ಕೊಲ್ಲೂರಿನಲ್ಲಿ ತಮ್ಮ ಹುಟ್ಟುಹಬ್ಬದಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ದಶಕಗಳ ಕಾಲ ಹಾಡಿದ ಯೇಸುದಾಸ್ ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವರು. ಅವರು ಹಾಡಬಹುದಾದರೆ ನೀನ್ಯಾಕೆ ಹಾಡಬಾರದು ಎಂದು ಅವಳ ಗೆಳತಿಯರು ಕೇಳಿದರು. "ಅದು ಅವರ ಮನಸ್ಸಾಕ್ಷಿ, ಇದು ನನ್ನದು" ಎಂದಳಂತೆ. ಯಾರನ್ನೂ ಕೀಳಾಗಿ ಕಾಣದೆ ಹಾಗೆ ಹೇಳಲು ಅವಳು ಕಲಿತಳಲ್ಲ, ನನಗೆ ಅದರಲ್ಲಿ ಬಹಳ ಸಂತೋಷ.

ಅಪ್ಪನ ವಿಷಯಕ್ಕೆ ಸಭಾಪಾಲಕರನ್ನು ಕರೆದೆವು. ಅವರು ಎರಡನೇ ಅರಸುಗಳ ಐದನೇ ಅಧ್ಯಾಯ ತೆರೆದರು. ಕುಷ್ಠ ವಾಸಿಯಾದ ಸೇನಾಪತಿ ನಾಮಾನ ಇಸ್ರಾಯೇಲರ ದೇವರನ್ನು ಮಾತ್ರ ಆರಾಧಿಸುತ್ತೇನೆ ಎಂದು ತೀರ್ಮಾನಿಸಿದ ಮೇಲೆ ಒಂದು ವಿನಂತಿ ಮಾಡುತ್ತಾನೆ. ನನ್ನ ಅರಸ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈಯನ್ನು ಊರಿಕೊಳ್ಳುತ್ತಾನೆ, ಆಗ ನಾನೂ ಬಗ್ಗಬೇಕಾಗುತ್ತದೆ, ಇದನ್ನು ಕ್ಷಮಿಸಲಿ ಎಂದು. ಪ್ರವಾದಿ ಎಲೀಷ ಬೈಯುವುದಿಲ್ಲ. ಸಮಾಧಾನದಿಂದ ಹೋಗು ಎನ್ನುತ್ತಾನೆ. ಅಪ್ಪ ಆ ಭಾಗವನ್ನು ಎರಡು ಸಲ ಓದಿಸಿಕೊಂಡರು.

ನಾಮಾನ ಅದನ್ನು ಹಗುರವಾಗಿ ಕೇಳಲಿಲ್ಲ ಎಂದು ನಾನು ಸೇರಿಸಿದೆ. ಅವನಿಗೆ ಅದು ಚುಚ್ಚುತ್ತಿತ್ತು, ಅದಕ್ಕೇ ಕ್ಷಮೆ ಕೇಳಿದ. "ನನಗೂ ಚುಚ್ಚುತ್ತದೆ ಟೀಚರ್. ಆದರೆ ತಬಲದವನು ಇಪ್ಪತ್ತು ವರ್ಷದಿಂದ ಕ್ರಿಸ್ಮಸ್ಸಿಗೆ ನಮ್ಮ ಚರ್ಚಿಗೆ ಬಂದು ಬಾರಿಸ್ತಾನೆ, ಒಂದು ರೂಪಾಯಿ ತಗೊಳ್ಳದೆ. ಅವನ ಮೊದಲ ಹಾಡಿಗೆ ನಾನು ಕೈ ಕಟ್ಟಿ ನಿಲ್ಲುದು ಹೇಗೆ?" ಎಂದರು. ಆ ಹಾಡಿಗೆ ತಾನು ನುಡಿಸುವುದು ಗೆಳೆಯನ ಪ್ರಾರ್ಥನೆಗೆ ಕೊಡುವ ಮರ್ಯಾದೆ, ತನ್ನ ಪ್ರಾರ್ಥನೆ ಬೇರೆ ಎನ್ನುವುದು ಅವರ ನಿಲುವು. ಅವರು ನುಡಿಸುವುದನ್ನು ಮುಂದುವರಿಸಿದ್ದಾರೆ. ಒಂದೇ ಒಂದು ಬದಲಾವಣೆ. ಕುಡಿತವನ್ನು ಹೊಗಳುವ, ಹೆಣ್ಣನ್ನು ಹೀಯಾಳಿಸುವ ಹಾಡು ಬೇಡ ಎಂದು ತಂಡದಲ್ಲಿ ಹೇಳಿದರು. ತಬಲದವನೇ ಮೊದಲು ಒಪ್ಪಿದನಂತೆ. ಅವನಿಗೂ ಹೆಣ್ಣುಮಕ್ಕಳಿದ್ದಾರೆ.

ಮಗಳಿಗೆ ಗಣಪತಿ ಸ್ತುತಿಯ ವಿಷಯದಲ್ಲಿ ಅಪ್ಪನ ಮಾತು ಪೂರ್ತಿ ಒಪ್ಪಿಗೆಯಾಗಿಲ್ಲ. ನನಗೂ ಅವಳ ಸಂಕಟ ಅರ್ಥವಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯದಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರಲಿ, ಒಬ್ಬರು ಇನ್ನೊಬ್ಬರಿಗೆ ತೀರ್ಪು ಮಾಡಬೇಡಿ ಎಂದಿದೆ. ಒಂದೇ ಮನೆಯಲ್ಲಿ ಎರಡು ಮನಸ್ಸಾಕ್ಷಿ ಇರಬಹುದು ಎಂದು ನಾವು ಮೂವರೂ ಬಾಯಿಬಿಟ್ಟು ಹೇಳಿಕೊಂಡೆವು. ಮುಂದಿನ ಭಾನುವಾರ ಸ್ಕೂಟರಿನಲ್ಲಿ ಕೀಬೋರ್ಡ್ ಮುಂದೆ, ಮಗಳು ಹಿಂದೆ ಕೂತು ಬಂದಳು.

ಈಗ

ಈ ಮನೆಯ ದಾರಿ ಎಲ್ಲ ಮನೆಗೂ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಕುಡಿತ ಬಿಟ್ಟು ಬಂದ ನಮ್ಮ ಸಭೆಯ ಒಬ್ಬರಿಗೆ ಬಾರಿನಲ್ಲಿ ಕೇಳುತ್ತಿದ್ದ ಹಾಡು ಕಿವಿಗೆ ಬಿದ್ದರೆ ಇವತ್ತಿಗೂ ಕೈ ನಡುಗುತ್ತದೆ. ಮಾತಿನಲ್ಲಿ ಏನೂ ದೋಷ ಇಲ್ಲದ ಹಾಡು ಅದು. ಅವರ ಮುಂದೆ ನಾನು ಅದನ್ನು ಹಾಕುವುದಿಲ್ಲ, ಅವರು ಅದನ್ನು ಪೂರ್ತಿ ಬಿಟ್ಟದ್ದು ಸರಿ.

ತಮ್ಮನ ಹೆಡ್‌ಫೋನ್ ವಿಷಯ ಇನ್ನೂ ಬಾಕಿ ಇದೆ. ಅವನಿಗೆ 14 ವರ್ಷ, ಅವನ ಮನಸ್ಸಾಕ್ಷಿಯನ್ನು ಅವನ ಪಾಡಿಗೆ ಬಿಡುವ ವಯಸ್ಸಲ್ಲ. ಹೆಡ್‌ಫೋನ್ ಕಿತ್ತುಕೊಳ್ಳಿ ಎಂದೂ ನಾನು ಹೇಳಲಿಲ್ಲ. ಕಿತ್ತುಕೊಂಡರೆ ಗೆಳೆಯನ ಫೋನಿನಲ್ಲಿ ಕೇಳುತ್ತಾನೆ. ದಿನಕ್ಕೆ ಒಂದು ಹಾಡು ಮನೆಯ ಸ್ಪೀಕರಿನಲ್ಲಿ, ಅಪ್ಪನ ಜೊತೆ ಕೂತು ಕೇಳಬೇಕು ಎಂದಷ್ಟೇ ಮಾಡಿದ್ದಾರೆ. ಅವನದ್ದು ಹೆಚ್ಚಿನದು ರ‍್ಯಾಪ್. ಅದರಲ್ಲಿ ಕೆಲವು ಬೈಗುಳವೇ. ಒಂದೆರಡು ಮಾತ್ರ ಬಡತನದ ಬಗ್ಗೆ ಎಷ್ಟು ನೇರವಾಗಿ ಮಾತಾಡುತ್ತವೆ ಎಂದರೆ, ಅಪ್ಪ ಅದರ ತಾಳವನ್ನು ಕೀಬೋರ್ಡಿನಲ್ಲಿ ಹಿಡಿಯಲು ನೋಡುತ್ತಿದ್ದಾರೆ.

ಹಾಳೆಗೆ ಬರೆದು ಓದುವ ಕೆಲಸವನ್ನು ಅವನ ಜೊತೆ ಮಾಡುವುದು ಮುಂದಿನ ತಿಂಗಳಿಗೆ ಎಂದು ಮಾತಾಗಿದೆ. ಅವನು ಒಂದು ಷರತ್ತು ಹಾಕಿದ್ದಾನೆ. ತನ್ನ ಐದು ಹಾಡಿಗೆ ಕ್ವಾಯರಿನ ಐದು ಹಾಡನ್ನೂ ಪಕ್ಕದಲ್ಲಿಟ್ಟು ಓದಬೇಕಂತೆ, ಆರಿಸುವುದು ಅವನೇ ಅಂತೆ. ನಾನು ಒಪ್ಪಿದ್ದೇನೆ.